ಇಸ್ರಾರನ ಕೆಂಪು ಅಂಗೈ

ಇಸ್ರಾರನ ಬೆನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ತೊಡೆಗಳಂತೂ ಕಲ್ಲುಕಂಬದ ಹಾಗಿದ್ದವು. ತಾಪತ್ರಯವೆಲ್ಲ ಇದ್ದದ್ದು ಅಂಗೈಯಲ್ಲಿ. ಮನಸ್ಸಿಗೆ ಚೂರು ಗಾಬರಿಯಾದರೆ ಸಾಕು, ಅದು ಬೆವರುತ್ತಿತ್ತು. ಚನ್ನಗಿರಿಯ ಜಿಮ್ಮಿನಲ್ಲಿ ಇನ್ನೂರು ಕಿಲೋ ಹೇರಿದ ರಾಡು ನೆಲ ಬಿಟ್ಟು ಮೊಣಕಾಲಿನ ತನಕ ಮರ್ಯಾದೆಯಿಂದ ಬಂದು, ಅಲ್ಲಿಂದ ಒದ್ದೆ ಸೋಪಿನ ಹಾಗೆ ಜಾರಿ ಧಡಾರನೆ ಬೀಳುತ್ತಿತ್ತು.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇವತ್ತು ಸಂಜೆ ನಾಲ್ಕಕ್ಕೆ ಹೊನ್ನಾಳಿಯಲ್ಲಿ ಡೆಡ್‌ಲಿಫ್ಟ್ ಸ್ಪರ್ಧೆ, ಅಂದರೆ ನೆಲದ ಮೇಲಿನ ಭಾರ ಎತ್ತಿ ನೆಟ್ಟಗೆ ನಿಲ್ಲುವ ಪಂದ್ಯ. ಗೆದ್ದವರಿಗೆ ಬಹುಮಾನದ ಕಪ್ಪು ಕೊಡುವವರು ಅಲ್ಲಿನ ಹಾರ್ಡ್‌ವೇರ್ ಅಂಗಡಿಯ ಗೌಸ್‌ಪೀರ್ ಸಾಹೇಬರು. ಅವರ ಮಗಳು ಇಲ್ಮಾ. ನ್ಯಾಮತಿಯ ಒಂದು ಮದುವೆಯಲ್ಲಿ ಇಸ್ರಾರನ ಬೆವರುಗೈಯಿಂದ ಶರಬತ್ತಿನ ಲೋಟ ಜಾರಿ ಬಿದ್ದಾಗ, ನಗದೆ ಇನ್ನೊಂದು ಲೋಟ ತಂದುಕೊಟ್ಟವಳು. ಅವತ್ತಿನಿಂದ, ದಿನಕ್ಕೆ ಎಂಟು ಮೊಟ್ಟೆ ತಿನ್ನುತ್ತಿದ್ದ ಹುಡುಗ ಐದಕ್ಕಿಳಿದಿದ್ದ.

ಅವನ ಅಮ್ಮ ಮಸರತ್ ಹೆಣ್ಣು ಕೇಳಿ ಕಳಿಸಿದ್ದಳು. ಗೌಸ್‌ಪೀರ್ ಹಳೇ ಕುಸ್ತಿಪಟು. "ಹುಡುಗ ನನ್ನ ಕಣ್ಣೆದುರಿಗೆ ಇನ್ನೂರು ಎತ್ತಲಿ. ಕೈಯಾಗೆ ಹಿಡಿತ ಇಲ್ಲದೋನಿಗೆ ಮಗಳನ್ನ ಕೊಡಾಕಿಲ್ಲ" ಎಂದು ಹೇಳಿ ಕಳಿಸಿದ್ದರು.

ಬೆಳಿಗ್ಗೆ ಎದ್ದವನೇ ಇಸ್ರಾರ್ ಬಾಗಿಲಲ್ಲಿ ನಿಂತು ಜಿಮ್ಮಿನ ಮೇಷ್ಟ್ರು ಸತೀಶ್ ಕುಮಾರ್‌ಗೆ ಫೋನ್ ಮಾಡಿದ. ಕೈ ಬೆವರಿದ್ದರಿಂದ ಸ್ಪೀಕರ್ ಒತ್ತಿಹೋಯಿತು.

"ಮೂರು ತಿಂಗಳಿಂದ ಹೇಳ್ತಾ ಇದೀನಲ್ಲೋ! ಒದ್ದೆ ಟವೆಲ್ ಹಿಂಡು, ಎರಡೂ ಕೈಯಾಗೆ ಭಾರ ಹಿಡ್ಕೊಂಡು ನಡಿ ಅಂತ" ಎಂದು ಇಡೀ ಬೀದಿಗೆ ಕೇಳುವಂತೆ ಗದರಿದ ಮೇಷ್ಟ್ರು, ಆಮೇಲೆ ಮೆತ್ತಗೆ "ಇವತ್ತೊಂದಿನ ಏನೂ ಮಾಡ್ಬ್ಯಾಡ, ಕೈಗೆ ರೆಸ್ಟ್ ಕೊಡು" ಎಂದರು. ಬೀದಿಗೆ ಈ ಕೊನೆಯ ಮಾತೊಂದು ಕೇಳಿಸಲಿಲ್ಲ.

ಮೊದಲು ಬಂದದ್ದು ಪಕ್ಕದ ಮನೆಯ ಚಮನಬಿ. "ಟವೆಲ್ ಏನ್ ಹಿಂಡ್ತೀಯ ಬೇಟಾ, ನಮ್ಮನೇಲಿ ಕಂಬಳಿ ನೆನೆಸೀನಿ. ಬಾ."

"ಖಾಲಾ, ಇವತ್ತು ರೆಸ್ಟು..."

"ಇಲ್ಮಾ ಬೇಕೋ, ಬ್ಯಾಡ್ವೋ?"

ಒಂಬತ್ತು ಕಂಬಳಿ ಹಿಂಡಿ ಹೊರಬಂದರೆ ಎದುರುಮನೆಯ ಕಲ್ಲಮ್ಮ ಎರಡು ತುಂಬಿದ ಗ್ಯಾಸ್ ಸಿಲಿಂಡರ್ ಪಕ್ಕ ನಿಂತಿದ್ದಳು. "ಎರಡೂ ಕೈಯಾಗೆ ಭಾರ ಹಿಡ್ಕೊಂಡು ನಡಿ ಅಂದ್ರಲ್ಲಪ್ಪ ನಿಮ್ ಮೇಷ್ಟ್ರು? ಮಾಳಿಗಿ ಮ್ಯಾಲೆ ಇಟ್ಟು ಬಾ. ನಿನ್ ಒಳ್ಳೇದಕ್ಕೇ ಹೇಳ್ತೀನಿ." ಇಟ್ಟು ಬಂದ ಮೇಲೆ, ಮೇಲಿಟ್ಟದ್ದರಲ್ಲಿ ಒಂದು ಕೆಳಗೇ ಬೇಕಿತ್ತೆಂದು ಅವಳಿಗೆ ನೆನಪಾಯಿತು.

ಹನ್ನೆರಡು ಗಂಟೆಗೆ ಬೀದಿಯ ಕೊನೆಯ ಬೆನಕಪ್ಪನ ಪಾಳಿ. ಬೆನಕಪ್ಪ ಅಡಿಕೆ ಬೇಯಿಸಿ ಮಾರುವವನು. ಅವನ ಅಂಗಳದಲ್ಲಿ ಮೂವತ್ತು ಚೀಲ ಸಾಗಿಸುವ ಹೊತ್ತಿಗೆ ಇಸ್ರಾರನ ಬೆರಳುಗಳಿಗೆ ಚಹಾದ ಲೋಟ ಹಿಡಿಯುವಷ್ಟೂ ಬಲ ಉಳಿದಿರಲಿಲ್ಲ. ಅವನಿಗೆ ನಿಜವಾಗಿಯೂ ಅಳು ಬಂತು.

"ಬೆನಕಪ್ಪಣ್ಣ, ನನ್ ಬದುಕು ಹಾಳಾತು ಕಣಣ್ಣ."

ಬೆನಕಪ್ಪನಿಗೆ ಪಾಪ ಅನ್ನಿಸಿತು. ಒಲೆಯ ಮೇಲಿನ ಹಂಡೆ ತೋರಿಸಿದ. ಅಡಿಕೆ ಬೆಂದ ನೀರು ಕುದ್ದು ಕುದ್ದು ಕೆಂಪಗೆ, ಪಾಕದ ಹಾಗೆ ಗಟ್ಟಿಯಾಗಿತ್ತು. "ಇದು ಚೊಗರು. ಅಂಗೈಗೆ ಸವರ್ಕೊ. ಎಂಥ ಬೆವರು ಬಂದ್ರೂ ರಾಡು ಕೈ ಬಿಡಾಕಿಲ್ಲ."

"ಚಾಕ್ ಪೌಡರ್ ಬಿಟ್ರೆ ಬೇರೇನೂ ಹಚ್ಚಂಗಿಲ್ಲ ಅಂತ ರೂಲ್ಸ್ ಐತಣ್ಣ."

"ಮ್ಯಾಲೆ ಪೌಡರ್ ಬಡ್ಕೊಳ್ಳೋ. ಯಾರಿಗೆ ಗೊತ್ತಾಗ್ತೈತೆ? ಬಣ್ಣ ಮಾತ್ರ ಹದಿನೈದು ದಿನ ಹೋಗಾಕಿಲ್ಲ, ನೋಡು."

ಹೊನ್ನಾಳಿಯ ವೇದಿಕೆಯ ಮೇಲೆ ತೀರ್ಪುಗಾರ ರುದ್ರಮುನಿ ನಿಂತಿದ್ದರು. ಜಗಳೂರಿನ ಮನುಷ್ಯ, ರೂಲ್ಸ್ ಪುಸ್ತಕ ಬಾಯಿಪಾಠ. ಎದುರಿನ ಸಾಲಿನಲ್ಲಿ ಗೌಸ್‌ಪೀರ್ ಸಾಹೇಬರು ಮೀಸೆ ತೀಡುತ್ತ ಕೂತಿದ್ದರು. ಅವರನ್ನು ಕಂಡದ್ದೇ ಇಸ್ರಾರನ ಅಂಗೈ ಚಿಲುಮೆಯಾಯಿತು. ಬೆವರಿಗೆ ಪೌಡರ್ ಕರಗಿ ಕೆಳಗಿನ ಕೆಂಪು ಇಣುಕಿತು.

"ಕೈ ತೋರ್ಸಪ್ಪ. ಏನಿದು ಕೆಂಪು?"

ಇಸ್ರಾರ್ ಕೈ ಹಿಂದಕ್ಕೆಳೆದುಕೊಂಡ. "ಮೆ... ಮೆಹಂದಿ ಸರ್."

"ಗಂಡಸಿನ ಕೈಗೆ?"

"ನಮ್ಮಲ್ಲಿ ಮದುಮಗನಿಗೂ ಹಚ್ತಾರೆ ಸರ್. ಮುಂದಿನ ವಾರ ಮದುವೆ."

ರುದ್ರಮುನಿಯವರ ಮುಖ ಅರಳಿತು. ಬಿಗಿ ಮನುಷ್ಯರಿಗೂ ಮದುವೆ ಎಂದರೆ ಮನಸ್ಸು ಸಡಿಲವಾಗುತ್ತದೆ. ಮೈಕ್ ತಗೊಂಡು "ಮುಂದಿನ ವಾರ ಮದುವೆಯಾಗಲಿರುವ ನಮ್ಮ ಚನ್ನಗಿರಿಯ ಇಸ್ರಾರ್! ಜೋರಾಗಿ ಚಪ್ಪಾಳೆ ಬರಲಿ!" ಎಂದು ಸಾರಿಯೇಬಿಟ್ಟರು. ಇಸ್ರಾರನ ಕಿವಿಗೆ ಏನೂ ಬೀಳಲಿಲ್ಲ. ಅವನ ಲೋಕವೆಲ್ಲ ಆ ರಾಡಿನಲ್ಲಿತ್ತು.

ಬಗ್ಗಿದ, ಹಿಡಿದ, ಎಳೆದ. ರಾಡು ಮೊಣಕಾಲಿಗೆ ಬಂತು. ಮೊಣಕಾಲು ದಾಟಿತು! ಇನ್ನೂರು ಕಿಲೋ ಎತ್ತಿ ಅವನು ನೆಟ್ಟಗೆ ನಿಂತಾಗ ಜನ ಕುರ್ಚಿ ಬಿಟ್ಟೆದ್ದರು. ಕೆಳಗಿಟ್ಟ ಮೇಲೂ ಕೈ ಬಿಡಿಸಿಕೊಳ್ಳಲು ಅವನಿಗೆ ಅರ್ಧ ನಿಮಿಷ ಹಿಡಿಯಿತು.

ಗೌಸ್‌ಪೀರ್ ಕಪ್ಪು ಕೊಟ್ಟರು. ಮುಖ ಮಾತ್ರ ಗಂಟಿಕ್ಕಿತ್ತು. "ಭೇಷ್, ಹಿಡಿತ ಐತೆ. ಮುಂದಿನ ವಾರ ಮದುವೆ ಇಟ್ಕೊಂಡು ನನ್ ಮಗಳನ್ನ ಯಾಕಪ್ಪಾ ಕೇಳಾಕೆ ಕಳಿಸಿದ್ರಿ? ನಮ್ಮನ್ನೇನು ಆಟದ ಸಾಮಾನು ಅನ್ಕೊಂಡ್ರಾ?"

ಇಸ್ರಾರನಿಗೆ ಆಗ ಹೊಳೆಯಿತು. "ಇಲ್ಲ ಸಾಹೇಬ್ರೆ! ಮದುವೆ ಇಲ್ಲ, ಏನೂ ಇಲ್ಲ! ಇದು ಮೆಹಂದಿನೇ ಅಲ್ಲ, ಅಡಿಕೆ ಚೊಗರು! ಬೇಕಾದ್ರೆ ಮೂಸಿ ನೋಡ್ರಿ!"

ಗೌಸ್‌ಪೀರ್ ಮೂಸಿ ನೋಡಿದರು. ಪಕ್ಕದಲ್ಲೇ ಇದ್ದ ರುದ್ರಮುನಿಯವರೂ ಮೂಸಿ ನೋಡಿ ಕಪ್ಪು ವಾಪಸ್ ತಗೊಂಡರು. ಅಂಟಿಕೊಂಡಿದ್ದ ಕಪ್ಪನ್ನು ಎರಡು ಸಲ ಎಳೆಯಬೇಕಾಯಿತು.

"ಅಂದ್ರೆ ಹಿಡಿತ ನಿಂದಲ್ಲ, ಅಡಿಕೇದು" ಎಂದ ಗೌಸ್‌ಪೀರ್, ಟೋಪಿ ಸರಿ ಮಾಡಿಕೊಂಡು ಮೆಟ್ಟಿಲಿಳಿದು ಹೊರಟುಹೋದರು.

ವಾಪಸು ಬಸ್ಸಿನಲ್ಲಿ ಇಸ್ರಾರ್ ಮೇಲಿನ ಕಂಬಿ ಹಿಡಿದು ನಿಂತಿದ್ದ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಕೈ ನೋಡಿ ನಕ್ಕ. "ಓಹೋ, ಮದುಮಗ! ಯಾವೂರ ಹುಡುಗಿ?"

"ಹೊನ್ನಾಳಿ" ಎಂದ ಇಸ್ರಾರ್.

"ಏ, ಯಾರಾದ್ರೂ ಮದುಮಗನಿಗೆ ಸೀಟು ಬಿಡ್ರಪ್ಪ!"

ಯಾರೋ ಎದ್ದು ಜಾಗ ಕೊಟ್ಟರು. ಇಸ್ರಾರ್ ಕೂತು ಅಂಗೈ ತೆರೆದು ನೋಡಿಕೊಂಡ. ಹುಟ್ಟಿದ ಮೇಲೆ ಮೊದಲ ಸಲ ಅದು ಪೂರ್ತಿ ಒಣಗಿತ್ತು. ಗಾಬರಿಪಡುವಂಥದ್ದು ಇನ್ನೇನೂ ಉಳಿದಿರಲಿಲ್ಲವಲ್ಲ.