ನೀರು ನೋಡುವವನಿಗೆ ನೂರಕ್ಕೆ ಹತ್ತು

ನಮ್ಮ ವಂಶದಲ್ಲಿ ಬಿ.ಕಾಂ. ಮುಗಿಸಿದವನು ನಾನೊಬ್ಬನೇ. ಹೊಳೆನರಸೀಪುರದಲ್ಲಿ ಗೊಬ್ಬರದ ಅಂಗಡಿಯ ಮಹಡಿ ಮೇಲೆ ‘ತೆರಿಗೆ ಸಲಹೆಗಾರರು’ ಎಂದು ಬೋರ್ಡು ಹಾಕಿಕೊಂಡಿದ್ದೇನೆ. ಯೂರಿಯಾಕ್ಕೆ ಬಂದವರೂ ತಲೆ ಎತ್ತಿ ಓದುತ್ತಾರೆ. ಇಂಥವನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಇರಲು ಸಾಧ್ಯವೇ?

ಚನ್ನರಾಯಪಟ್ಟಣದ ಮಂಜಣ್ಣ ತನ್ನ ಭಾಮೈದನ ಜೊತೆ ಪಾಲುದಾರಿಕೆಯಲ್ಲಿ ಬೋರ್‌ವೆಲ್ ಲಾರಿ ಇಟ್ಟಿದ್ದಾನೆ. ಅವರ ರಿಟರ್ನ್ ನನ್ನ ಕೆಲಸ. ಈ ಸಲ ಲೆಕ್ಕ ನೋಡುವಾಗ ‘ಬಸಪ್ಪನಿಗೆ’ ಎಂಬ ಪಾವತಿ ಮತ್ತೆ ಮತ್ತೆ ಕಂಡಿತು.

“ಯಾರಿದು ಬಸಪ್ಪ?”

“ನೀರು ನೋಡೋನು ಸಾ. ಅಂಗೈ ಮ್ಯಾಲೆ ತೆಂಗಿನ್‌ಕಾಯಿ ಮಲಗಿಸ್ಕಂಡು ಒಲ ಸುತ್ತತಾನೆ. ಕಾಯಿ ಎದ್ದು ನಿಂತ್ ಕಡೆ ನಾವು ಕೊರೀತೀವಿ. ನೀರು ಬಂದ್ರೆ ದುಡ್ಡು, ಬರದಿದ್ರೆ ಕಾಪಿ ಕುಡ್ದು ಓಯ್ತಾನೆ. ಗುತ್ತಿಗೆದಾರ ಅಂತ ಬರ್ಕಳಿ. ನೂರಕ್ಕೆ ಒಂದ್ರೂಪಾಯಿ ಟ್ಯಾಕ್ಸ್ ಇಡ್ಕಂಡು ಕೊಡ್ತೀವಿ.”

ಪದವೀಧರರಿಗೆ ಮಾತ್ರ ಬರುವ ಒಂದು ನಗು ಇದೆ. ಅದನ್ನು ನಕ್ಕೆ.

“ಗುಂಡಿ ತೋಡೋನು ಗುತ್ತಿಗೆದಾರ, ಮಂಜಣ್ಣ. ಎಲ್ಲಿ ತೋಡಬೇಕು ಅಂತ ಹೇಳೋನು ವೃತ್ತಿಪರ. ಡಾಕ್ಟರು, ವಕೀಲರ ಸಾಲು. ನೂರಕ್ಕೆ ಹತ್ತು.”

“ಕಾಯಿ ಇಡ್ಕಂಡೋನು ಡಾಕ್ಟ್ರಾ ಸಾ?”

ಅವನ ಅನುಮಾನ ನಿವಾರಿಸಲು ಒಂದು ಪತ್ರವನ್ನೇ ಬರೆದುಕೊಟ್ಟೆ. ‘ಗುತ್ತಿಗೆದಾರನಿಗೆ ಹಣ ಸಲ್ಲುವುದು ಫಲಕ್ಕೆ. ವೃತ್ತಿಪರನಿಗೆ ಸಲ್ಲುವುದು ಅಭಿಪ್ರಾಯಕ್ಕೆ. ನೀರು ಬರಲಿ, ಬಾರದಿರಲಿ.’ ಕೊನೆಯ ಮಾತು ಕೇಳಲು ಚೆನ್ನಾಗಿತ್ತೆಂದು ಸೇರಿಸಿದ್ದು. ಸೀಲು ಹೊಡೆದು, ಬಸಪ್ಪನಿಗೂ ಒಂದು ಪ್ರತಿ ಕಳಿಸಿದೆ.

ಕೆಲವು ದಿನಗಳಾದ ಮೇಲೆ ಬಸಪ್ಪ ಮಹಡಿ ಹತ್ತಿ ಬಂದ. ಜಗಳಕ್ಕೆ ಸಿದ್ಧನಾಗಿ ಕುರ್ಚಿ ಹಿಂದೆ ಸರಿಸಿಕೊಂಡೆ. ನೋಡಿದರೆ ಕೈಯಲ್ಲಿ ನನ್ನ ಪತ್ರ, ಲ್ಯಾಮಿನೇಷನ್ ಆಗಿತ್ತು.

“ಅತ್ತಲ್ಲ ಸಾ, ಇಪ್ಪತ್ ಇಡ್ಕಳಿ. ನಮ್ಮಪ್ಪ ಸಾಯಗಂಟ ನನ್ನ ‘ಕಾಯಿ ಬಸ್ಯ’ ಅಂತಿದ್ದ. ನೀವು ಡಾಕ್ಟ್ರ ಪಕ್ಕ ಕೂರ್ಸುಬುಟ್ರಿ.”

ನನಗೊಂದು ತೆಂಗಿನಕಾಯಿ ಕೊಟ್ಟು ಹೋದ. ಮಲಗಿದ ಕಾಯಿ.

ಆಮೇಲೆ ಬಂದದ್ದು ಮಂಜಣ್ಣನ ಫೋನು. “ಬಸಪ್ಪ ಫೀಜು ಮೂರುಪಟ್ಟು ಮಾಡವ್ನೆ ಕಣ್ ಸಾ. ಅದೂ ಮುಂಗಡ. ಹಳೇಕೋಟೇಲಿ ಬರೀ ಧೂಳು ಬಂತು, ದುಡ್ಡು ವಾಪಸ್ ಕೇಳಿದ್ರೆ ನಿಮ್ ಸೀಲು ತೋರಿಸ್ತಾನೆ.”

“ನಾನು ಮಾತಾಡ್ತೀನಿ,” ಎಂದೆ. ನನಗೂ ಅವನಿಂದ ಕೆಲಸವಿತ್ತು. ಅರಕಲಗೂಡು ರಸ್ತೆಯ ನಮ್ಮ ಸೈಟಿನಲ್ಲಿ ಬೋರ್ ಹಾಕಿಸಲು ನನ್ನ ಹೆಂಡತಿ ಸವಿತಾ ವರ್ಷಗಟ್ಟಲೆ ಚೀಟಿ ಕಟ್ಟಿದ್ದಳು. ನೀರು ಬಂದರೇನೇ ಮನೆ ಎಂದು ಖಡಾಖಂಡಿತ ಹೇಳಿದ್ದಳು. ನಾನೇ ಮೇಲೆತ್ತಿದ ಮನುಷ್ಯ, ನನಗೆ ರಿಯಾಯಿತಿ ಕೊಡದೇ ಇರುತ್ತಾನೆಯೇ?

ಬಸಪ್ಪ ಕಾರಿನಲ್ಲಿ ಬಂದ. ಪೂರ್ತಿ ಫೀಜು ಎಣಿಸಿಕೊಂಡ ಮೇಲೆ ಕಾಯಿ ಎದ್ದು ನಿಂತಿತು. ಮಂಜಣ್ಣನ ಲಾರಿ ಕೊರೆಯಿತು. ಕೆಂಪು ಧೂಳು ಬಂತು, ಬಿಳಿ ಧೂಳು ಬಂತು, ನಾನು ಮೈತುಂಬ ವಿಭೂತಿ ಬಳಿದುಕೊಂಡ ಜಂಗಮನಂತಾದೆ. ನೀರು ಮಾತ್ರ ಬರಲಿಲ್ಲ.

“ನೀರೆಲ್ಲಿ ಬಸಪ್ಪಣ್ಣ?”

“ಅದ ಲಾರಿಯೋರ್ನ ಕೇಳಿ ಸಾ. ನಂದು ಅಭಿಪ್ರಾಯ.”

ಸವಿತಾ ಸೆರಗಿನಿಂದ ನನ್ನ ಮುಖ ಒರೆಸುತ್ತ ಕೇಳಿದಳು, “ರೀ, ಆ ‘ಬಾರದಿರಲಿ’ ಒಂದು ಬರೀದೇ ಇದ್ದಿದ್ರೆ ಏನಾಗ್ತಿತ್ತು?”

ಚೀಟಿ ದುಡ್ಡು ಮುಗಿದಿತ್ತು. ನನ್ನ ಮುಖ ನೋಡಲಾರದೆ ಮಂಜಣ್ಣನೇ ಹೇಳಿದ, “ಇನ್ನೊಂದ್ ಕೊರ್ಕೊಡ್ತೀನಿ ಬುಡಿ. ನಿಮ್ ಫೀಜಲ್ಲಿ ಮುರ್ಕತೀನಿ. ಅಕ್ಕ, ನೀವೇ ಜಾಗ ತೋರ್ಸಿ.”

ಸವಿತಾ ಚಪ್ಪಲಿಯಲ್ಲೇ ಒಂದು ಗೆರೆ ಎಳೆದಳು. “ಇಲ್ಲಿ. ನಾಳೆ ಕಟ್ಟೋ ಅಡುಗೆಮನೆಗೆ ಹತ್ತಿರ ಆಗ್ತದೆ.”

ನೀರು ಹೇಗೆ ಚಿಮ್ಮಿತೆಂದರೆ, ನನ್ನ ವಿಭೂತಿಯೆಲ್ಲ ತೊಳೆದುಹೋಯಿತು. ಸವಿತಾ ನೆನೆದುಕೊಂಡೇ ನಕ್ಕಳು. ಬಸಪ್ಪನೂ ಓಡಿಬಂದು ನನ್ನ ಕೈಕುಲುಕಿದ.

ಹೊರಡುವಾಗ ಮಂಜಣ್ಣ ತನ್ನ ಷರತ್ತು ಹೇಳಿದ. “ಇನ್ಮ್ಯಾಕೆ ನಿಮ್ಗೂ ಅಂಗೇಯ ಸಾ. ಟ್ಯಾಕ್ಸ್ ಆಫೀಸಿಂದ ನೋಟೀಸ್ ಬರದಿದ್ರೆ ದುಡ್ಡು. ಬಂದ್ರೆ ಕಾಪಿ ಕುಡ್ದು ಓಗಿ.”

ಒಪ್ಪಿಕೊಂಡೆ. ಬೋರ್ಡನ್ನು ಇನ್ನೂ ಬದಲಾಯಿಸಿಲ್ಲ. ಆದರೆ ಫಲಕ್ಕೆ ಹಣ ಪಡೆಯುವವನು ಗುತ್ತಿಗೆದಾರ ಎಂದು ನನ್ನ ಸೀಲೇ ಹೇಳುತ್ತದೆ. ನೂರಕ್ಕೆ ಒಂದು.