ಇಪ್ಪತ್ತೆಂಟು ಸಲ ಕರೆದ ಜವಳ

ಶನಿವಾರ ಬೆಳಿಗ್ಗೆ ಎಂಟಕ್ಕೆ ಸುಂದರಾ ಕಟ್ಟೆಯ ಮೇಲೆ ಕೂತು ಮಗಳ ತಲೆ ಬಾಚುತ್ತಿದ್ದಳು. ಪೂನಮಳಿಗೆ ಮೂರು ವರ್ಷ. ಹುಟ್ಟುಗೂದಲಿಗೆ ಇನ್ನೂ ಕತ್ತರಿ ತಾಗಿಲ್ಲ. ಒಂದೊಂದು ಸಿಕ್ಕಿಗೂ ಒಂದೊಂದು ಕಿರುಚಾಟ. ಚಿಕ್ಕೋಡಿಯ ನಮ್ಮ ಓಣಿಗೆ ಬೇರೆ ಅಲಾರಂ ಬೇಕಿರಲಿಲ್ಲ.

“ಆಚಿ ವಾರದ ಶುಕ್ರವಾರ ಯಡೂರ ಗುಡ್ಯಾಗ ಜವಳ. ಇನ್ನ ಮುಂದ ಹಾಕೂದಿಲ್ಲ,” ಎಂದಳು. “ನಲವತ್ತು ಮನಿ ಕರೀಬೇಕು. ಎಂದ ಹೊಂಡ್ತೀರಿ?”

ನಾನು ಚಹಾದ ಬಟ್ಟಲು ಕೆಳಗಿಟ್ಟು ಎದೆ ಸೆಟೆಸಿದೆ. “ಹೊಂಡೂದು ಎಲ್ಲಿಗೆ? ಕುರ್ಚಿ ಬಿಟ್ಟು ಏಳದ ನಲವತ್ತೂ ಮನಿ ಕರದ ತೋರಸ್ತೀನಿ! ಮುಟ್ಟಲಿಲ್ಲ ಅಂತ ಒಬ್ಬರೂ ಅನ್ನಂಗಿಲ್ಲ!”

“ನಮ್ಮ ಅಣ್ಣಗೂ ಕುರ್ಚ್ಯಾಗ ಕೂತ ಕರೀತೀರಿ?”

ಬಾಚಣಿಗೆ ನಿಂತಿತು. ಪೂನಮ ಸಹ ಅಳು ನಿಲ್ಲಿಸಿ ನನ್ನನ್ನು ನೋಡಿದಳು.

ಸುಂದರಾಳ ಅಣ್ಣ ಏಕಸಂಬಿಯ ಅಣ್ಣಾಸಾಬರು ನಮ್ಮ ಮನೆಯ ಹೊಸ್ತಿಲು ತುಳಿದು ಮೂರು ವರ್ಷವಾಗಿತ್ತು. ತಪ್ಪು ನನ್ನದೇ. ವಾಸ್ತುಶಾಂತಿಯ ಕರೆಯೋಲೆಯನ್ನು ಏಕಸಂಬಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೆ. “ಕಂಡಕ್ಟರ್ ಕರದಾನ, ಕಂಡಕ್ಟರ್ ಮನಿಗೆ ಹೋಗ್ತೀನಿ,” ಎಂದಿದ್ದರಂತೆ ಅವರು. ಆದರೆ ಜವಳದಲ್ಲಿ ಮಗು ಕೂರುವುದು ಸೋದರಮಾವನ ತೊಡೆಯ ಮೇಲೆ. ಮೊದಲ ಕೂದಲು ಕತ್ತರಿಸುವುದೂ ಅವನೇ. ಅವರಿಲ್ಲದೆ ಎರಡು ಮುಹೂರ್ತ ತಪ್ಪಿದ್ದವು. ಹೆಣ್ಣುಮಗಳಿಗೆ ಇರುವುದು ಒಬ್ಬನೇ ಅಣ್ಣ. ಸುಂದರಾ ಆ ಮಾತನ್ನು ಆಡುತ್ತಿರಲಿಲ್ಲ, ಬಾಚಣಿಗೆ ಆಡುತ್ತಿತ್ತು.

ಇದು ೨೦೦೯ರ ಮಾತು. ನಾನು ಒಂದು ಪಾಲಿಟೆಕ್ನಿಕ್‌ನ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ. ಆ ತಿಂಗಳು ನನ್ನ ಕೈಗೆ ಒಂದು ಬ್ರಹ್ಮಾಸ್ತ್ರ ಸಿಕ್ಕಿತ್ತು! ಸಂದೇಶ ಹಂಚುವ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಿಕೊಳ್ಳಬಹುದು. ಬರೆದದ್ದು ಎರ್ಲಾಂಗ್ ಎಂಬ ಭಾಷೆಯಲ್ಲಿ. ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿಯೇ ಹುಟ್ಟಿದ ಭಾಷೆ ಅದು. ಅದರೊಳಗೆ ಸಾವಿರಾರು ಸಣ್ಣ ಕೆಲಸಗಾರರು, ಅಂದರೆ ಪುಟ್ಟ ಪ್ರೋಗ್ರಾಮುಗಳು, ಒಟ್ಟಿಗೇ ದುಡಿಯುತ್ತಾರೆ. ಒಬ್ಬ ಸತ್ತರೆ ಅವರ ಮೇಲೆ ನಿಗಾ ಇಡುವ ಮುಕಾದಮ ಆ ಕ್ಷಣವೇ ಇನ್ನೊಬ್ಬನನ್ನು ಎಬ್ಬಿಸುತ್ತಾನೆ. ಸತ್ತವನು ಬಿಟ್ಟ ಕೆಲಸವನ್ನು ಹೊಸಬ ಮೊದಲಿನಿಂದ ಮಾಡುತ್ತಾನೆ. ಸಂದೇಶ ತಲುಪಿತೆಂದು ಆ ಕಡೆಯಿಂದ ಉತ್ತರ ಬರುವತನಕ ಅದು ಬಿಡುವುದಿಲ್ಲ, ಗಂಟೆಗೊಮ್ಮೆ ಕಳಿಸುತ್ತಲೇ ಇರುತ್ತದೆ.

ಅಂದು ಮಧ್ಯಾಹ್ನ ಕಂಪ್ಯೂಟರಿಗೆ ಸಿಮ್ ಹಾಕಿದ ಡೇಟಾ ಕಾರ್ಡ್ ಚುಚ್ಚಿ, ಅಣ್ಣಾಸಾಬರದೂ ಸೇರಿ ನಲವತ್ತು ನಂಬರ್ ತುಂಬಿದೆ. “ಆಚೆ ವಾರದ ಶುಕ್ರವಾರ ಯಡೂರಿನಲ್ಲಿ ಪೂನಮಳ ಜವಳಕ್ಕೆ ಎಲ್ಲರೂ ಬರಬೇಕು. ಬರುವವರು ಓಕೆ ಎಂದು ಉತ್ತರ ಕಳಿಸಿರಿ.” ಒಂದು ಗಂಟೆಗೆ ಮೊದಲ ಕರೆ ಹೊರಟಿತು. ಕರೆಂಟ್ ಹೋಗಿ ಬಂದರೂ ತಾನಾಗಿಯೇ ಏಳುವಂತೆ ವ್ಯವಸ್ಥೆ ಮಾಡಿದೆ. ಲ್ಯಾಬಿಗೆ ಕೀಲಿ ಹಾಕಿಸಿ, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮನೆಗೆ ಬಂದು ಮಲಗಿದೆ.

ಭಾನುವಾರ ಬೆಳಿಗ್ಗೆ ಸುಂದರಾಳ ಫೋನು ರಿಂಗಾಯಿತು. ಅಲಖನೂರಿನಿಂದ ಅವಳ ಸೋದರತ್ತೆ ಕಮಲಾಬಾಯಿ. ಫೋನಿನ ದನಿ ಅಡುಗೆಮನೆಯಿಂದ ಪಡಸಾಲೆಗೆ ಕೇಳುತ್ತಿತ್ತು.

“ಏ ಸುಂದರವ್ವಾ, ನಿನ್ನ ಗಂಡನ ಪ್ರೀತಿ ಭಾಳ ಆತವ್ವಾ! ಮುಂಜಾನಿತನಕ ಕರದಾನ. ಇಷ್ಟ ಕರದ ಮ್ಯಾಲೆ ಒಬ್ಬಾಕಿ ಬಂದ್ರ ಬರೋಬರಿ ಅಲ್ಲ. ಮನಿಮಂದಿ ಹನ್ನೊಂದೂ ಜನ ಬರ್ತೀವಿ!”

ನಾನು ಫೋನು ಕಸಿದುಕೊಂಡೆ. “ಅತ್ತೀ, ಓಕೆ ಅಂತ ಕಳಸಲಿಲ್ಲೇನ್ರಿ?”

“ಮೊದಲನೇದಕ್ಕ ಮಿಸ್ ಕಾಲ್ ಕೊಟ್ನೆಲ್ಲೋ! ಮಿಸ್ ಕಾಲ್ ಕೊಟ್ರ ಹೂಂ ಅಂದಂಗ. ಅಷ್ಟೂ ತಿಳೀದ ಕಂಪ್ಯೂಟರ್ ಕಲಸ್ತೀ?”

ನನ್ನ ಕಾಲ ಕೆಳಗಿನ ಫರಸಿಕಲ್ಲು ಸರಿಯಿತು. ಅಥಣಿಯಿಂದ ನಿಪ್ಪಾಣಿಯತನಕ ಯಾವನು ತಾನೇ ಒಪ್ಪಿಗೆ ಹೇಳಲು ಮೆಸೇಜು ಟೈಪ್ ಮಾಡುತ್ತಾನೆ? ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ಮುಗಿಯಿತು. ಎಲ್ಲರೂ ಮಿಸ್ ಕಾಲನ್ನೇ ಕೊಟ್ಟಿರಬೇಕು. ಮೆಸೇಜು ಮಾತ್ರ ಓದುವ ನನ್ನ ಡೇಟಾ ಕಾರ್ಡಿಗೆ ರಿಂಗ್ ಕೇಳುವ ಕಿವಿಯೇ ಇರಲಿಲ್ಲ. ಉತ್ತರ ಬರಲಿಲ್ಲವೆಂದು ನನ್ನ ಬ್ರಹ್ಮಾಸ್ತ್ರ ರಾತ್ರಿಯಿಡೀ ಕರೆದಿತ್ತು!

“ಅಣ್ಣಗೂ ಹಿಂಗ ಹೋಗ್ಯಾವೇನ್ರಿ?” ಸುಂದರಾಳ ದನಿ ಸಣ್ಣದಾಗಿತ್ತು.

“ಹೋಗಿರಬೇಕು.”

“ಚ್ಯಾಷ್ಟಿ ಮಾಡಾಕತ್ತಾರ ಅಂತ ತಿಳೀತಾನ. ಅವ ಇನ್ನ ಬಂದಂಗ ಆತು ಬಿಡ್ರಿ.”

ಚಪ್ಪಲಿ ಹಾಕಿಕೊಳ್ಳದೆ ಕಾಲೇಜಿಗೆ ಓಡಿದೆ. ಬಾಗಿಲಿಗೆ ಕೀಲಿ. ಕೀಲಿಕೈ ಕಾವಲುಗಾರ ಜ್ಞಾನದೇವನ ಸೊಂಟದಲ್ಲಿ. ಜ್ಞಾನದೇವ ನಿಪ್ಪಾಣಿಯಲ್ಲಿ, ಸೋದರಸೊಸೆಯ ಮದುವೆಯ ಮಾತುಕತೆಯಲ್ಲಿ! ಕಿಟಕಿಯ ಸರಳು ಹಿಡಿದು ನಿಂತೆ. ಒಳಗೆ ಡೇಟಾ ಕಾರ್ಡಿನ ಹಸಿರು ದೀಪ ಮಿಣಕ್ ಎಂದಿತು. ಹತ್ತು ಗಂಟೆಯ ಕರೆ ಹೋಯಿತು.

ಹತ್ತೂವರೆಗೆ ದೇವರು ಕಣ್ಣು ತೆರೆದ. ಊರಿಗೇ ಕರೆಂಟ್ ಹೋಯಿತು! ಜೀವನದಲ್ಲಿ ಮೊದಲ ಸಲ ಲೋಡ್ ಶೆಡ್ಡಿಂಗ್‌ಗೆ ಕೈಮುಗಿದೆ. ಎರಡು ಗಂಟೆಗೆ ಕರೆಂಟ್ ಬಂತು. ಸಾಫ್ಟ್‌ವೇರ್ ನಾನು ಹೇಳಿಕೊಟ್ಟಂತೆ ತಾನಾಗಿಯೇ ಎದ್ದು, ಮೈಮುರಿದು, ಮತ್ತೆ ನಲವತ್ತು ಮನೆ ಕರೆಯಿತು. ಮೂರಕ್ಕೆ ಇನ್ನೊಮ್ಮೆ.

ಮೂರೂವರೆಗೆ ಜ್ಞಾನದೇವ ಬಂದ. ನಾನು ಒಳನುಗ್ಗಿ ಸಾಫ್ಟ್‌ವೇರಿನ ಕೆಲಸಗಾರನನ್ನು ಕೊಂದೆ. ಮುಕಾದಮ ಇನ್ನೊಬ್ಬನನ್ನು ಎಬ್ಬಿಸಿದ. ಹೊಸಬ ಉತ್ಸಾಹದಿಂದ ಮೊದಲಿನಿಂದ ಶುರು ಮಾಡಿ ನಲವತ್ತೂ ಮನೆ ಕರೆದ. ಮತ್ತೆ ಕೊಂದೆ. ಮತ್ತೆ ಎದ್ದ, ಮತ್ತೆ ಕರೆದ. ರಕ್ತಬೀಜಾಸುರನೂ ಇಷ್ಟು ಚುರುಕಾಗಿದ್ದಿರಲಾರ! ನಾಲ್ಕನೆಯ ಸಲ ಆದ ಮೇಲೆ ಜ್ಞಾನದೇವ ಬಾಯಿಬಿಟ್ಟ.

“ಸರ್, ಆ ಕಡ್ಡಿ ಕಿತ್ತಿದ್ರ ಆಗ್ತಿರಲಿಲ್ಲೇನ್ರಿ?”

ಡೇಟಾ ಕಾರ್ಡ್ ಕಿತ್ತೆ. ಶಾಂತವಾಯಿತು. ಲೆಕ್ಕ ನೋಡಿದರೆ, ಒಂದೊಂದು ಮನೆಗೂ ಇಪ್ಪತ್ತೆಂಟು ಕರೆ.

ಐದು ಗಂಟೆಗೆ ಮನೆ ಮುಟ್ಟಿದಾಗ ಅಂಗಳದಲ್ಲಿ ಒಂದು ಮೋಟಾರ್ ಸೈಕಲ್ ನಿಂತಿತ್ತು. ಕಟ್ಟೆಯ ಮೇಲೆ, ಹೊಸ್ತಿಲಿಗೆ ಬೆನ್ನು ಮಾಡಿ, ಅಣ್ಣಾಸಾಬರು ಕೂತಿದ್ದರು. ಸುಂದರಾ ಬಾಗಿಲ ಮರೆಯಲ್ಲಿ ಚಹಾ ಹಿಡಿದು ನಿಂತಿದ್ದಳು. ಆ ಚಹಾ ಆಗಲೇ ಕೆನೆಗಟ್ಟಿತ್ತು.

“ಬರ್ರಿ ಮಾಸ್ತರ,” ಎಂದರು ಅವರು, ಮನೆ ತಮ್ಮದೇ ಎಂಬಂತೆ. “ನಾ ಜವಳಕ್ಕ ಬಂದಿಲ್ಲ. ಈ ಫೋನ್ ತುಂಬೈತಿ. ಅಳಸಾಕ ನನಗ ಬರೂದಿಲ್ಲ. ತುಂಬಿಸಿದಾಂವ ನೀ, ಅಳಸಿ ಕೊಡು.”

ತಲೆ ಕೆಳಗೆ ಹಾಕಿ ಅಳಿಸತೊಡಗಿದೆ. ಹಳೆಯ ಫೋನು, ಇಪ್ಪತ್ತು ಮೆಸೇಜಿಗೆ ತುಂಬುತ್ತಿತ್ತು. ಒಂದು ಅಳಿಸಿದೆ. ಜಾಗವಾಯಿತೆಂದು ಹೊರಗೆ ಕಾಯುತ್ತಿದ್ದದ್ದು ಟಿಣ್ ಎಂದು ಒಳಬಂತು. ಇನ್ನೊಂದು ಅಳಿಸಿದೆ. ಟಿಣ್!

“ನನ್ನ ಎದುರಿಗೆ ಕೂತು ಮತ್ತ ಕರೀತೀಯಲ್ಲೋ!”

“ನಾ ಅಲ್ರಿ, ಅದು...”

“ಹೂಂ, ಆವತ್ತೂ ನೀ ಅಲ್ಲ, ಕಂಡಕ್ಟರ್.”

ಸುಂದರಾ ಹೊರಗೆ ಬಂದಳು. “ಅಣ್ಣಾ, ಒಂದ ಮಾತ ಕೇಳ್ತೀನಿ. ಮೊದಲನೇದ ಬಂದಾಗ ಏನ ಮಾಡ್ದಿ?”

ಅಣ್ಣಾಸಾಬರು ಮೀಸೆ ಸವರಿದರು. ಬೀದಿಯ ಕಡೆ ನೋಡಿದರು.

“ಮಿಸ್ ಕಾಲ್ ಕೊಟ್ಟೆ.”

“ಅಂದ್ರ ಬರ್ತೀನಿ ಅಂದಿ!”

“ಅಂದೆ. ಮೂರು ವರ್ಷದ ಮ್ಯಾಲೆ ಕರದಾರ, ಹೋಗೂಣು ಅಂದೆ. ಹೊಸಾ ಧೋತರ ತಗಸಿಟ್ಟೆ. ತಾಸಿಗೆ ಮತ್ತ ಕರೀತು. ಮತ್ತ ಮಿಸ್ ಕಾಲ್ ಕೊಟ್ಟೆ. ರಾತ್ರಿ ಎರಡಕ್ಕ ಕರೀತು! ನಾ ಹೂಂ ಅಂದದ್ದು ಇವರಿಗೆ ಸೇರಿಲ್ಲ, ಅದಕ್ಕ ಅಣಕಸಾಕತ್ತಾರ ಅಂತ ತಿಳಕೊಂಡೆ.”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮನುಷ್ಯ ಮೊದಲ ಕರೆಗೇ ಕರಗಿದ್ದ. ಉಳಿದ ಇಪ್ಪತ್ತೇಳು ಕರೆಯಿಂದ ಅವನನ್ನು ಮತ್ತೆ ಕಲ್ಲು ಮಾಡಿದ್ದು ನಾನು.

“ತಪ್ಪಾತ್ರಿ ಅಣ್ಣಾಸಾಬ್ರ,” ಎಂದೆ. “ಈಗ ಬಾಯಿ ಬಿಟ್ಟು ಕರೀತೀನಿ. ನಿಮ್ಮ ತೊಡಿ ಇಲ್ಲದ ಈ ಹುಡುಗಿ ಜವಳ ಆಗೂದಿಲ್ಲ. ಬರ್ರಿ.”

ಅವರು ಎದ್ದು ನಿಂತರು. ಪೂನಮಳ ತಲೆಯ ಮೇಲೆ ಕೈಯಾಡಿಸಿ, ಒಂದು ಸಿಕ್ಕಿನಲ್ಲಿ ಉಂಗುರ ಸಿಕ್ಕಿಕೊಂಡು, ನಿಧಾನಕ್ಕೆ ಬಿಡಿಸಿಕೊಂಡರು.

“ನಿನ್ನ ಕಟ್ಟಿ ಮ್ಯಾಲೆ ನಿಂತು ಕರದ್ರ ಕರದಂಗೇನೋ? ನಾ ಈಗ ಮನಿಗೆ ಹೋಗಿ ಕೂಡ್ತೀನಿ. ಕುಂಕುಮ ಅಕ್ಷತಿ ತಗೊಂಡು ನೀ ಬಾ. ನಮ್ಮವ್ವ ಬಾಗಲದಾಗ ಇರ್ತಾಳ, ಆಕಿಗೆ ಮೊದಲ ಹೇಳು. ಆಮ್ಯಾಗ ನನಗ.”

“ಬರ್ತೀನ್ರಿ! ಎಷ್ಟಕ್ಕ ಬರ್ಲಿ? ಮೆಸೇಜ್ ಮಾಡ್ತೀನಿ...”

ಅಣ್ಣ ತಂಗಿ ಇಬ್ಬರೂ ಒಟ್ಟಿಗೇ ನನ್ನನ್ನು ನೋಡಿದರು. ನಾನು ಅವರ ಫೋನನ್ನು ಅವರ ಕೈಗಿಟ್ಟೆ. ಅಣ್ಣಾಸಾಬರು ಕೆನೆಗಟ್ಟಿದ ಚಹಾವನ್ನು ನಿಂತೇ ಕುಡಿದು ಗಾಡಿ ಹತ್ತಿದರು.

ಗಾಡಿ ಓಣಿ ದಾಟಿದ ಮೇಲೆ ಸುಂದರಾ ಕುಂಕುಮದ ಭರಣಿ ತಂದು ನನ್ನ ಮುಂದಿಟ್ಟಳು. ಮನೆಗಳ ಪಟ್ಟಿಯನ್ನೂ ಇಟ್ಟಳು.

“ಉಳದ ಮೂವತ್ತೊಂಬತ್ತು ಮನಿಯವರು ಬರ್ತೀನಿ ಅಂದಾರಲ್ಲ?” ಎಂದೆ.

“ಅವರಿಗೆಲ್ಲಾ ರಾತ್ರಿಯಿಡೀ ನಿದ್ದಿಗೆಡಿಸೀರಿ. ತಪ್ಪಾತು ಅಂತ ಯಾರ ಹೇಳಬೇಕು? ನಿಮ್ಮ ಕಂಪ್ಯೂಟರಿನ ಮುಕಾದಮನಾ?”

ಸೋಮವಾರ ಕಾಲೇಜಿಗೆ ನಾಲ್ಕು ದಿನದ ರಜೆ ಬರೆದುಕೊಟ್ಟು, ಕುಂಕುಮದ ಭರಣಿ ಹಿಡಿದು ಬೆಳಿಗ್ಗೆ ಏಳರ ಬಸ್ಸಿಗೆ ಏಕಸಂಬಿಗೆ ಹೋದೆ. ಮಂಗಳವಾರ ಅಲಖನೂರು, ಬುಧವಾರ ಅಥಣಿ ಕಡೆಯ ಅನಂತಪುರ.