ಮೂರನೆಯ ಫೈಲಿನ ಮಹಾಸ್ಫೋಟ

ತಪ್ಪು ಪೂರ್ತಿ ನನ್ನದೇ. ನಕ್ಷತ್ರ ನಿರಪರಾಧಿ.

ನಾನಾಗ ಚೆನ್ನೈಯಲ್ಲಿ ಎಂಎಸ್ಸಿ ಓದುತ್ತಿದ್ದೆ. ವಾಸ ತ್ರಿಪ್ಲಿಕೇನ್‌ನ ಅತ್ತೆಯ ಮನೆಯಲ್ಲಿ. ಪ್ರಾಜೆಕ್ಟಿಗೆ ಸಿಕ್ಕಿದ್ದು ಆ ವರ್ಷ ಸಿಡಿದಿದ್ದ ಒಂದು ಜೋಡಿ ನಕ್ಷತ್ರ. ದೊಡ್ಡದು ತನ್ನ ಅನಿಲವನ್ನು ಬಡಿಸುತ್ತಾ ಹೋಗುತ್ತದೆ, ಚಿಕ್ಕದು ತಿನ್ನುತ್ತಾ ಹೋಗುತ್ತದೆ, ಒಂದು ದಿನ ಸಿಡಿಯುತ್ತದೆ. ಇದನ್ನು ವಿವರಿಸಿದಾಗ ಅತ್ತೆ ನನ್ನ ತಟ್ಟೆಯನ್ನೇ ನೋಡಿದರು.

ಗೈಡ್ ಸಂಪತ್ ಸರ್ ಮೂರು ತಲೆಮಾರಿನಿಂದ ಮದ್ರಾಸಿನವರು. ಫ್ಲಾಪಿ ಕೊಟ್ಟು, "ಮೂರು ಫೈಲ್ ಇದೆ ಪಾ. ಮೊದಲೆರಡು ನಕ್ಷತ್ರದ ಬೆಳಕು, ಮೂರು ವಾರ ಗ್ಯಾಪಲ್ಲಿ ತೆಗೆದಿದ್ದು. ಗೆರೆಗಳು ಏನೇನ್ ಬದಲಾಗಿದೆ ನೋಡು. ಸರಿಯಾಗಿ ಮಾಡಿದ್ರೆ ಬೆಟ್ಟದ ಟೆಲಿಸ್ಕೋಪಿಗೆ ಕರ್ಕೊಂಡು ಹೋಗ್ತೀನಿ. ಜೀಪಲ್ಲಿ ಒಂದೇ ಸೀಟ್ ಮಿಕ್ಕಿದೆ" ಎಂದರು. ಮೂರನೆಯದರ ಬಗ್ಗೆಯೂ ಏನೋ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಅವರು ಕನ್ನಡಕವನ್ನು ಹಣೆಗೇರಿಸುವ ಶೈಲಿಯನ್ನು ಕಲಿಯುತ್ತಿದ್ದೆ. ಸಂಜೆ ಕ್ಯಾಂಟೀನಿನಲ್ಲಿ ಮಾಡಿ ತೋರಿಸಬೇಕಿತ್ತಲ್ಲ!

ಮೊದಲೆರಡು ಫೈಲು ನೋಡಿದೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಒಂದೊಂದು ಅನಿಲಕ್ಕೂ ಅದರದೇ ಗೆರೆಗಳು ಕಾಣುತ್ತವೆ. ಕೆಲವು ಗೆರೆಗಳು ತುಸು ಕಿರಿದಾಗಿದ್ದವು, ಒಂದೆರಡು ಮಂಕಾಗಿದ್ದವು. ಇಷ್ಟಕ್ಕೆ ಜೀಪಿನ ಸೀಟು ಸಿಗುತ್ತದೆಯೇ? ಮೂರನೆಯದನ್ನು ತೆರೆದೆ. ಅಬ್ಬಾ! ಬಾಚಣಿಗೆಯ ಹಲ್ಲಿನಂತೆ ಸಾಲುಸಾಲು ಚೂಪು ಗೆರೆಗಳು! ಹೈಡ್ರೋಜನ್ ಮಾಯ, ಎಲ್ಲೆಲ್ಲೂ ನಿಯಾನ್!

ಓಡಿ ಹೋಗಿ ಅತ್ತೆಗೆ ಹೇಳಿದೆ.

"ಅಯ್ಯಯ್ಯೋ, ನಮ್ ಮೇಲೆ ಬೀಳಲ್ಲ ತಾನೇ?"

ಬೀಳುವುದಿಲ್ಲ ಎಂದ ಮೇಲೆ ಎಲ್ಲರಿಗೂ ಹಂಚಲೆಂದು ಒಂದು ಡಬ್ಬಿ ಕೇಸರಿಬಾತ್ ಮಾಡಿಕೊಟ್ಟರು. ಸರ್‌ಗೆ ಮೊದಲೇ ತೋರಿಸಬಹುದಿತ್ತು. ಆದರೆ ಅಚ್ಚರಿ ಹಾಳಾಗಬಾರದಲ್ಲ!

ಮರುದಿನ ವಿಭಾಗದ ಸೆಮಿನಾರಿನಲ್ಲಿ, ವಿಶ್ವದಲ್ಲಿ ಯಾರೂ ಕಂಡಿರದ ರೂಪಾಂತರಕ್ಕೆ ಈ ಸಭೆ ಸಾಕ್ಷಿಯಾಗುತ್ತಿದೆ ಎಂದು ಘೋಷಿಸಿದೆ. ಅಭ್ಯಾಸಬಲದಿಂದ, ಇಲ್ಲದ ಕನ್ನಡಕವನ್ನು ಹಣೆಗೇರಿಸಿಯೂ ಬಿಟ್ಟೆ. ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಸರ್ ನಗಲಿಲ್ಲ. ಎದ್ದು ಪರದೆಯ ಹತ್ತಿರ ಬಂದರು.

"ಇದು ನಕ್ಷತ್ರ ಅಲ್ಲ ಪಾ. ಗೆರೆಗಳನ್ನ ಅಳೆಯೋಕೆ ಉಪಕರಣದೊಳಗೆ ನಾವೇ ಆನ್ ಮಾಡೋ ನಿಯಾನ್ ಲ್ಯಾಂಪು. ನಕ್ಷತ್ರ ಆದ ಮೇಲೆ ಪ್ರತಿ ಸಲ ಅದನ್ನೂ ತೆಗೀತೀವಿ. ಹೇಳಿದ್ನಲ್ಲ?"

ಅಂದರೆ ನಾನು ಬಟ್ಟೆಯನ್ನು ಪಕ್ಕಕ್ಕಿಟ್ಟು ಅಳತೆ ಟೇಪಿನ ಚೆಲುವನ್ನು ಹೊಗಳಿದ ದರ್ಜಿ!

ಸಭೆ ಕೇಸರಿಬಾತನ್ನು ಮಾತ್ರ ಸರ್ವಾನುಮತದಿಂದ ಒಪ್ಪಿಕೊಂಡಿತು. ಡಬ್ಬಿ ಖಾಲಿಯಾದ ಮೇಲೆ ಮೆಲ್ಲಗೆ ಕೇಳಿದೆ: "ಸರ್, ಆ ಜೀಪು...?"

ಅವರು ನನ್ನ ಕ್ಯಾಂಟೀನ್ ಪ್ರದರ್ಶನದಷ್ಟೇ ನಿಧಾನವಾಗಿ ಕನ್ನಡಕವನ್ನು ಹಣೆಗೇರಿಸಿದರು.

"ಬಾ ಪಾ. ಲ್ಯಾಂಪ್ ಆನ್ ಮಾಡೋಕೆ ಒಬ್ಬ ಬೇಕು. ಅದನ್ನ ನಿನ್ನಷ್ಟು ಮರ್ಯಾದೆಯಿಂದ ಇದುವರೆಗೂ ಯಾರೂ ನೋಡಿಲ್ಲ."